ಎರಡನೆಯ ಕೂಸಿನ ಕೋಣೆಯೂ ಚನ್ನಪಟ್ಟಣದ ಪ್ರಯಾಣವೂ

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಬಾರದೆಂದು ನಮ್ಮ ಹಿರಿಯರು ಗಾದೆ ಕಟ್ಟಿ ಹೇಳಿದರು. ಕೂಸು ಹುಟ್ಟಿದ ಮೇಲೆ ಕುಲಾವಿ ಹೊಲಿಯುವಷ್ಟು ಬಿಡುವು ಮನೆಯಲ್ಲಿ ಯಾರಿಗೂ ಇರುವುದಿಲ್ಲವೆಂಬುದನ್ನು ಮಾತ್ರ ಅವರು ಗಾದೆಯಲ್ಲಿ ಸೇರಿಸಲಿಲ್ಲ. ಈ ಎರಡು ಸತ್ಯಗಳ ನಡುವೆ ಸಿಕ್ಕಿ ತೊಳಲದ ಗೃಹಸ್ಥರು ವಿರಳ. ಅದರಲ್ಲಿಯೂ ಬರುವುದು ಎರಡನೆಯ ಕೂಸಾದರೆ ತೊಡಕು ಇನ್ನಷ್ಟು ಹೆಚ್ಚು. ಚೊಚ್ಚಲು ಮಗುವಿಗೆ ತವರಿನವರೂ ನೆಂಟರೂ ಸ್ನೇಹಿತರೂ ಪೈಪೋಟಿಯಿಂದ ಉಡುಗೊರೆ ತರುತ್ತಾರೆ. ತಂದೆತಾಯಿಗಳು ಸಾಲ ಮಾಡಿಯಾದರೂ ಕೋಣೆಯನ್ನು ಸಿಂಗರಿಸುತ್ತಾರೆ. ಎರಡನೆಯದಕ್ಕೆ ಅಕ್ಕನ ಅಂಗಿ, ಅಕ್ಕನ ತೊಟ್ಟಿಲು, ಅಕ್ಕ ಕಚ್ಚಿ ಬಿಟ್ಟ ಆಟಿಕೆ. ಇದು ಅನ್ಯಾಯವೆಂದು ನಾವು ಹೇಳುವುದಿಲ್ಲ. ಒಂದು ಅಂಗಿ ಎರಡು ಮಕ್ಕಳಿಗೆ ಆದರೆ ಅದು ಸಂಸಾರದ ಜಾಣತನವೇ ಸರಿ. ಆದರೆ, ಇದು ನಿನಗಾಗಿಯೇ ಮಾಡಿದ್ದು ಎಂದು ಮುಂದೆ ತೋರಿಸಿ ಹೇಳಲು ಒಂದೆರಡು ವಸ್ತುಗಳಾದರೂ ಆ ಕೂಸಿಗೂ ಇರಬೇಡವೆ?

ಕಳೆದ ಮಾಘಮಾಸದಲ್ಲಿ ನಮ್ಮ ಮನೆಯಲ್ಲಿ ಈ ಪ್ರಶ್ನೆ ಎದ್ದಿತು. ನಮ್ಮ ಮನೆಯವರಿಗೆ ಆಗ ಏಳನೆಯ ತಿಂಗಳು. ಕೂಸಿಗೆಂದು ಬಿಟ್ಟುಕೊಡಬಹುದಾಗಿದ್ದುದು ಎಂಟು ಅಡಿ ಅಗಲ, ಹತ್ತು ಅಡಿ ಉದ್ದದ ಒಂದು ಕೋಣೆ. ಅದರಲ್ಲಿ ಅರ್ಧವನ್ನು ಹಳೆಯ ಟ್ರಂಕುಗಳೂ ನ್ಯೂಸ್ ಪೇಪರಿನ ಕಟ್ಟುಗಳೂ ಆಕ್ರಮಿಸಿದ್ದುವು. ಖರ್ಚಿಗೆಂದು ತೆಗೆದಿಡಬಹುದಾಗಿದ್ದುದು ಮೂರು ಸಾವಿರ ರೂಪಾಯಿ. ದೊಡ್ಡ ಅಂಗಡಿಗಳಲ್ಲಿ ಇಂತಹ ಕೋಣೆಗೆಂದು ಸಿದ್ಧವಾಗಿ ದೊರೆಯುವ ಸಾಮಾನುಗಳಲ್ಲಿ ಆ ಹಣಕ್ಕೆ ಒಂದು ತೂಗುದೀಪವೂ ಒಂದು ಪರದೆಯೂ ಬರುವಂತಿದ್ದುವು. ಪರದೆಯ ಮೇಲೆ ಇದ್ದುದು ನಾವು ಯಾರೂ ನೋಡದ ಹಿಮಕರಡಿ.

ಹಣಕ್ಕಿಂತ ದೊಡ್ಡ ಅಡ್ಡಿಯೊಂದಿತ್ತು. ನಮ್ಮ ತಾಯಿಯವರು ಕುಲಾವಿಯ ಗಾದೆಯನ್ನು ಗಾದೆಯೆಂದು ತಿಳಿದವರಲ್ಲ, ಆಜ್ಞೆಯೆಂದೇ ತಿಳಿದವರು. ಕೂಸು ಕಣ್ಣು ಬಿಡುವ ಮೊದಲು ಅದರ ಹೆಸರಿನಲ್ಲಿ ಒಂದು ಸೂಜಿಯನ್ನೂ ಕೊಳ್ಳಕೂಡದೆಂದು ಅವರ ಹಠ. ನಾಲ್ಕು ದಿನಗಳ ಸಂಧಾನದ ಮೇಲೆ ಒಂದು ಒಪ್ಪಂದವಾಯಿತು. ಕೋಣೆ ಮನೆಯದು, ಕೂಸಿನದಲ್ಲ. ಆದುದರಿಂದ ಅದಕ್ಕೆ ಸುಣ್ಣ ಬಳಿಯಬಹುದು. ಆಟಿಕೆಗಳನ್ನು ಹಿರಿಯ ಮೊಮ್ಮಗಳ ಹೆಸರಿನಲ್ಲಿ ತರಬಹುದು; ಅವಳು ಆಮೇಲೆ ಯಾರಿಗೆ ಕೊಟ್ಟರೂ ಅವಳ ಇಷ್ಟ. ಅಟ್ಟದ ಮೇಲಿರುವ ತೊಟ್ಟಿಲನ್ನು ಮಾತ್ರ ಹೆರಿಗೆಯಾಗುವವರೆಗೆ ಯಾರೂ ಮುಟ್ಟಕೂಡದು. ಐದು ವರ್ಷದ ಆ ಮೊಮ್ಮಗಳಾದರೋ ಈ ಮಾತುಗಳನ್ನೆಲ್ಲ ಕೇಳುತ್ತಿದ್ದು, "ನನ್ನ ತೊಟ್ಟಿಲನ್ನ ಪಾಪು ಆಮೇಲೆ ನನಗೆ ವಾಪಸ್ಸು ಕೊಡತ್ತಾ?" ಎಂದು ಕೇಳಿದಳು. ಕೋಣೆಯ ಅಲಂಕಾರವು ಬರುವ ಕೂಸಿಗೆ ಎಷ್ಟು ಮುಖ್ಯವೋ ಇರುವ ಮಗುವಿಗೂ ಅಷ್ಟೇ ಮುಖ್ಯವೆಂಬುದು ಆ ಮಾತಿನಿಂದ ನಮಗೆ ಹೊಳೆಯಿತು. ಆದುದರಿಂದ ಅವಳನ್ನೂ ನಮ್ಮ ತಾಯಿಯವರನ್ನೂ ಕರೆದುಕೊಂಡು ಒಂದು ಶನಿವಾರ ಬೆಳಗ್ಗೆ ಚನ್ನಪಟ್ಟಣಕ್ಕೆ ಹೊರಟೆವು.

ಬೆಂಗಳೂರಿನಿಂದ ಮೈಸೂರಿನ ಕಡೆಗೆ ಸುಮಾರು 60 ಕಿಲೋಮೀಟರ್ ದೂರದಲ್ಲಿರುವ ಈ ಊರಿಗೆ ರೈಲಿನಲ್ಲಿ ಹೋಗುವುದೇ ಸೊಗಸು. ಕೆಂಗೇರಿ ದಾಟಿದ ಮೇಲೆ ಊರಿನ ಗದ್ದಲ ಸಡಿಲವಾಗುತ್ತದೆ. ಬಿಡದಿಯಲ್ಲಿ ತಟ್ಟೆ ಇಡ್ಲಿಯ ನೆನಪು ಬಾರದವರಿಲ್ಲ. ರಾಮನಗರ ಸಮೀಪಿಸುತ್ತಲೇ ದೈತ್ಯರು ಆಡಿ ಬಿಟ್ಟ ಗೋಲಿಗಳಂತೆ ದೊಡ್ಡ ದೊಡ್ಡ ಹೆಬ್ಬಂಡೆಗಳು ಕಾಣಿಸಿಕೊಳ್ಳುತ್ತವೆ; ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಊರು ಅದು. ಆಮೇಲೆ ತೆಂಗಿನ ತೋಟಗಳು, ಹಿಪ್ಪುನೇರಳೆಯ ಹೊಲಗಳು. ಅಷ್ಟರಲ್ಲಿ ಚನ್ನಪಟ್ಟಣದ ನಿಲ್ದಾಣ.

ಚನ್ನಪಟ್ಟಣವು ಇಂದು ಗೊಂಬೆಗಳಿಂದ ಹೆಸರುವಾಸಿಯಾಗಿದ್ದರೂ ಅದು ಬಹುಕಾಲದಿಂದ ಹಲವು ಕಸಬುಗಳ ಊರು. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಇಲ್ಲಿ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಯನ್ನೂ ಗಾಜನ್ನೂ ಮಾಡುತ್ತಿದ್ದುದನ್ನು ಕಂಡು ಬರೆದಿದ್ದಾನೆ. ತಂತಿಯ ಕಸಬು ಹೋಯಿತು, ಗಾಜೂ ಹೋಯಿತು, ಮರ ಮತ್ತು ಅರಗು ಉಳಿದುವು. ಈ ಅರಗಿನ ಕೆಲಸವನ್ನು ಕಲಿಸಲು ಟಿಪ್ಪು ಸುಲ್ತಾನನು ಪರ್ಷಿಯಾದಿಂದ ಕುಶಲರನ್ನು ಕರೆಸಿದನೆಂಬುದು ಊರಿನವರೆಲ್ಲರೂ ಹೇಳುವ ಐತಿಹ್ಯ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬಾವಾಸ್ ಮಿಯಾನ್ ಎಂಬವರು ಜಪಾನಿನ ಮಾದರಿಯನ್ನು ಅನುಸರಿಸಿ ಕೆಲಸದ ವಿಧಾನವನ್ನು ತಿದ್ದಿದರೆಂದು ಇಲ್ಲಿಯವರು ಈಗಲೂ ಗೌರವದಿಂದ ನೆನೆಯುತ್ತಾರೆ. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಪ್ಲಾಸ್ಟಿಕ್ ಆಟಿಕೆಗಳೂ ಹೊರದೇಶದ ಅಗ್ಗದ ಸಾಮಾನುಗಳೂ ಸಂತೆ ಅಂಗಡಿಗಳನ್ನು ತುಂಬಿದಾಗ ಎಷ್ಟೋ ಮನೆಗಳಲ್ಲಿ ಲೇತುಗಳು ನಿಂತುಹೋದುವು. 2005-06ರಲ್ಲಿ ಭೌಗೋಳಿಕ ಸೂಚಕವೆಂಬ ರಾಜಮುದ್ರೆ ದೊರೆತ ಮೇಲೆ ಕಸಬಿಗೆ ಸ್ವಲ್ಪ ಉಸಿರು ಬಂದಿತು.

ಪೇಟೆಯ ಒಂದು ಓಣಿಯಲ್ಲಿ, ಬಾಗಿಲು ತೆರೆದಿದ್ದ ಕೆಲಸದ ಮನೆಯೊಂದರ ಮುಂದೆ ನಾವು ನಿಂತೆವು. ಅರುವತ್ತು ದಾಟಿದ ಮೇಸ್ತ್ರಿಯೊಬ್ಬರು ನೆಲದ ಮೇಲೆ ಲೇತಿನ ಮುಂದೆ ಕುಳಿತಿದ್ದರು. ನಮ್ಮ ತಾಯಿಯವರನ್ನು ಕಂಡು, "ಬನ್ನಿ ಅಮ್ಮಾ, ಕೂತ್ಕಳಿ" ಎಂದು ಮಣೆಯೊಂದನ್ನು ಸರಿಸಿ, ನಾವು ಗಿರಾಕಿಗಳೋ ಬರಿಯ ನೋಟಕರೋ ಎಂಬುದನ್ನು ವಿಚಾರಿಸದೆ ಕೆಲಸ ತೋರಿಸತೊಡಗಿದರು.

ಮೂಲೆಯಲ್ಲಿ ಒಟ್ಟಿದ್ದುದು ಹಾಲೆಮರ. ಇಲ್ಲಿಯವರ ಬಾಯಲ್ಲಿ ಅದು ಆಲೆಮರ. ಕೊಂಬೆ ಮುರಿದರೆ ಹಾಲು ಸುರಿಸುವ ಈ ಮರದ ತಿರುಳು ದಂತದಂತೆ ಬೆಳ್ಳಗೆ, ನುಣುಪಾಗಿ, ಹಗುರವಾಗಿರುತ್ತದೆ. ಕಡಿದ ತುಂಡುಗಳನ್ನು ತಿಂಗಳುಗಟ್ಟಲೆ ಒಣಗಲು ಬಿಡಬೇಕು. ಹಸಿಯಾಗಿದ್ದಾಗಲೇ ಕಡೆದರೆ ಆಮೇಲೆ ಸೀಳುತ್ತದೆ. ಈಗ ಆಲೆಮರ ಸಾಲದುದರಿಂದ ರಬ್ಬರು ಮರ ಮೊದಲಾದುವನ್ನೂ ಬಳಸುತ್ತಾರೆ. ಮೇಸ್ತ್ರಿಯವರು ಒಂದು ತುಂಡನ್ನು ಲೇತಿಗೆ ಸಿಕ್ಕಿಸಿ ಉಳಿಯನ್ನು ಮೆಲ್ಲಗೆ ತಾಗಿಸಿದರು. ಬಿಳಿಯ ಸಿಪ್ಪೆ ಸುರುಳಿ ಸುರುಳಿಯಾಗಿ ಉದುರಿತು. ನಮ್ಮ ಮಗಳು ಅದನ್ನು ಆರಿಸಿ ಮುಡಿಗೆ ಇಟ್ಟುಕೊಳ್ಳುವಷ್ಟರಲ್ಲಿ ತುಂಡು ಗಿಲಕಿಯ ಆಕಾರ ತಾಳಿತ್ತು.

ಆಮೇಲಿನದೇ ಈ ಊರಿನ ಗುಟ್ಟು. ಮುತ್ತುಗ, ಬೋರೆ ಮೊದಲಾದ ಮರಗಳ ರೆಂಬೆಗಳ ಮೇಲೆ ಒಂದು ಬಗೆಯ ಸಣ್ಣ ಕೀಟ ಸ್ರವಿಸುವ ಅಂಟೇ ಅರಗು. ಅದನ್ನು ಕಾಯಿಸಿ, ಬಣ್ಣ ಬೆರೆಸಿ ನಾದಿ, ಕಡ್ಡಿಗಳನ್ನಾಗಿ ಮಾಡಿಟ್ಟಿರುತ್ತಾರೆ. ತಿರುಗುತ್ತಿರುವ ಮರಕ್ಕೆ ಆ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಾಟದ ಬಿಸಿಗೆ ಅರಗು ತಾನೇ ಕರಗಿ ಮರವನ್ನು ಆವರಿಸುತ್ತದೆ. ಅದರ ಮೇಲೆ ಕೇದಗೆಯ ಜಾತಿಯ ಗರಿಯೊಂದನ್ನು ಒತ್ತಿ ಓಡಿಸಿದರೆ ಬಣ್ಣ ಸಮವಾಗಿ ಹರಡಿ ಕನ್ನಡಿಯಂತೆ ಹೊಳೆಯುತ್ತದೆ. ಬ್ರಷ್ಷಿಲ್ಲ, ಬಣ್ಣದ ಡಬ್ಬಿಯಿಲ್ಲ. "ಇದು ಬಳಿಯೋ ಬಣ್ಣ ಅಲ್ಲಮ್ಮ, ಕರಗಿಸೋ ಬಣ್ಣ. ಅದಕ್ಕೇ ಮಕ್ಕಳು ಬಾಯಿಗಿಟ್ಟರೂ ಏಳಲ್ಲ" ಎಂದರು ಮೇಸ್ತ್ರಿಯವರು. ಹಳದಿಗೆ ಅರಸಿನ, ನೀಲಿಗೆ ನೀಲಿಗಿಡದ ಬಣ್ಣ, ಎರಡೂ ಬೆರೆತರೆ ಹಸುರು, ಕಂದಿಗೆ ಕಾಚು: ಹೀಗೆ ಸಸ್ಯಮೂಲದ ಬಣ್ಣಗಳಿಂದ ಮಾಡಿದ ಆಟಿಕೆಗಳನ್ನು ಕೇಳಿ ಕೊಳ್ಳಬಹುದು. ಎಲ್ಲ ಅಂಗಡಿಗಳಲ್ಲಿಯೂ ಎಲ್ಲವೂ ಅಂತಹುದೇ ಅಲ್ಲ. ಆದಕಾರಣ ಎಳೆಯ ಕೂಸಿಗಾಗಿ ಕೊಳ್ಳುವವರು ಕಡೆದವರನ್ನೇ ವಿಚಾರಿಸಿ ಕೊಳ್ಳುವುದು ವಿಹಿತ. ಊರಿಗೆ ಹೋಗಿ ಕೊಳ್ಳುವುದರ ಮುಖ್ಯ ಲಾಭವೇ ಇದು.

ನಾವು ಕೊಂಡ ಸಾಮಾನು ಹೆಚ್ಚಲ್ಲ. ಎರಡು ಗಿಲಕಿ, ಒಂದರ ಮೇಲೊಂದು ಏರಿಸುವ ಬಣ್ಣದ ಬಳೆಗಳ ಗೋಪುರ, ಹಗ್ಗ ಕಟ್ಟಿ ಎಳೆಯುವ ಆನೆ, ಬಾಗಿಲಿಗೆ ಕಟ್ಟಲು ಮರದ ಮಣಿಗಳ ತೋರಣ. ಹಿರಿಯವಳ ಕೈಗೆ ಇನ್ನೂರು ರೂಪಾಯಿ ಕೊಟ್ಟು, ನಿನಗೆ ಬೇಕಾದುದನ್ನು ನೀನೇ ಆರಿಸು ಎಂದೆವು. ಅವಳು ಬಹಳ ಹೊತ್ತು ವಿಚಾರ ಮಾಡಿ ಎರಡು ಬುಗುರಿಗಳನ್ನು ತೆಗೆದುಕೊಂಡಳು. ಎರಡೇಕೆಂದು ನಾವು ಕೇಳಲಿಲ್ಲ.

ಅಂಗಡಿಯವರೊಬ್ಬರು ಮಾತಿನ ನಡುವೆ ತಮ್ಮ ಕಷ್ಟವನ್ನೂ ಹೇಳಿದರು. ಹಿಂದೆ ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಮೋಟಾರುಗಳೆಲ್ಲ ಊರಿನ ನಡುವೆಯೇ ಹೋಗುತ್ತಿದ್ದುವು, ದಾರಿಯ ಎರಡೂ ಕಡೆ ಗೊಂಬೆಗಳನ್ನು ಕಂಡು ಮಕ್ಕಳು ಹಠ ಹಿಡಿಯುತ್ತಿದ್ದರು, ತಂದೆತಾಯಿಗಳು ಇಳಿಯುತ್ತಿದ್ದರು. 2023ರ ಮಾರ್ಚ್ ತಿಂಗಳಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಊರನ್ನು ಬಳಸಿ ಹೋಗುತ್ತದೆ. ಪ್ರಯಾಣಿಕರಿಗೆ ಸಮಯ ಉಳಿಯಿತು. ಅಂಗಡಿಯ ಮುಂದೆ ನಿಲ್ಲುವವರು ಕಡಮೆಯಾದರು. "ಮಕ್ಕಳು ಹಠ ಮಾಡೋಕೂ ನಮ್ಮ ಅಂಗಡಿ ಕಣ್ಣಿಗೆ ಬೀಳಬೇಕಲ್ಲ ಸ್ವಾಮಿ" ಎಂದು ಅವರು ನಕ್ಕರು. ಆ ನಗೆಯನ್ನು ಕಂಡು ನಾವು ಬೆಲೆಯನ್ನು ಚೌಕಾಶಿ ಮಾಡಲು ಮನಸ್ಸು ಮಾಡಲಿಲ್ಲ.

ಚನ್ನಪಟ್ಟಣಕ್ಕೆ ಹೋದವರು ಅಲ್ಲಿಂದ ಮೂರು ಕಿಲೋಮೀಟರ್ ಮುಂದಿರುವ ದೊಡ್ಡಮಳೂರಿಗೆ ಹೋಗದೆ ಹಿಂದಿರುಗುವುದು ಸರಿಯಲ್ಲ. ಕಣ್ವ ನದಿಯ ಬಳಿ ಇರುವ ಈ ಹಳ್ಳಿಯಲ್ಲಿ ಚೋಳರ ಕಾಲದ್ದೆಂದು ಹೇಳುವ ಅಪ್ರಮೇಯಸ್ವಾಮಿಯ ದೇವಾಲಯವಿದೆ. ಅದರ ಪ್ರಾಕಾರದಲ್ಲಿರುವ ಚಿಕ್ಕ ಗುಡಿಯಲ್ಲಿ ಅಂಬೆಗಾಲು ಕೃಷ್ಣನಿದ್ದಾನೆ: ಕರಿಯ ಕಲ್ಲಿನ ಕೂಸು, ಕೈಯಲ್ಲಿ ಬೆಣ್ಣೆಯ ಮುದ್ದೆ, ಈಗತಾನೆ ಹರಿದು ಬಂದು ಯಾರೋ ಕರೆದುದಕ್ಕೆ ತಲೆಯೆತ್ತಿದಂತೆ. ಪುರಂದರದಾಸರು ಈ ಮೂರ್ತಿಯನ್ನು ಕಂಡು ಹಾಡಿದರೆಂಬ ಐತಿಹ್ಯವುಂಟು. ಸಂತಾನವನ್ನು ಬೇಡುವವರು ಇಲ್ಲಿಗೆ ಬಂದು ಬೆಣ್ಣೆಯ ಸೇವೆ ಮಾಡಿಸುತ್ತಾರೆ; ಹರಕೆಯಾಗಿ ಗೇಣುದ್ದದ ಮರದ ತೊಟ್ಟಿಲುಗಳನ್ನು ಒಪ್ಪಿಸುತ್ತಾರೆ. ಒಂದೊಂದು ತೊಟ್ಟಿಲಿನ ಹಿಂದೆಯೂ ಒಂದೊಂದು ಮನೆಯ ಎಷ್ಟು ವರ್ಷಗಳ ನಿರೀಕ್ಷೆಯೋ!

ನಮ್ಮ ತಾಯಿಯವರು ಅವುಗಳ ಮುಂದೆ ಬಹಳ ಹೊತ್ತು ನಿಂತಿದ್ದರು. ಆಮೇಲೆ ನಮ್ಮ ಕಡೆ ತಿರುಗದೆಯೇ, "ನಿನ್ನ ಹಿಂದೆ ಒಂದಿತ್ತು ಕಣಪ್ಪ. ಹಳದಿ ಕುಲಾವಿ ಹೊಲಿದಿಟ್ಟಿದ್ದೆ" ಎಂದರು. ಅಷ್ಟೇ. ನಲವತ್ತು ವರ್ಷ ಅವರ ಮನೆಯಲ್ಲಿ ಬೆಳೆದ ನಾವು ಅದುವರೆಗೆ ಈ ಮಾತನ್ನು ಕೇಳಿರಲಿಲ್ಲ. ಗಾದೆಗಳನ್ನು ಮೂಢನಂಬಿಕೆಯೆಂದು ಹಾಸ್ಯ ಮಾಡುವುದು ಸುಲಭ. ಆ ಗಾದೆಯನ್ನು ಹಿಡಿದುಕೊಂಡಿರುವವರ ಎದೆಯಲ್ಲಿ ಏನಿದೆಯೆಂಬುದನ್ನು ತಿಳಿಯುವುದು ಸುಲಭವಲ್ಲ. ನಾವು ಏನನ್ನೂ ಕೇಳಲಿಲ್ಲ. ಬೆಣ್ಣೆಯ ಪ್ರಸಾದವನ್ನು ಮೂವರೂ ಹಂಚಿಕೊಂಡು ಹಿಂದಿರುಗಿದೆವು. ಮರುದಿನ ಬೆಳಗ್ಗೆ ನೋಡಿದರೆ ಅವರು ತಮ್ಮ ಪೆಟ್ಟಿಗೆಯಿಂದ ಮೆತ್ತಗಾದ ಹಳೆಯ ಹತ್ತಿಯ ಸೀರೆಗಳನ್ನು ತೆಗೆದು ಕತ್ತರಿಸುತ್ತ ಕುಳಿತಿದ್ದರು. ನಾವು ಆಶ್ಚರ್ಯದಿಂದ ನೋಡಿದಾಗ, "ಕೌದಿಯೇನು ಕುಲಾವಿಯಲ್ಲವಲ್ಲ" ಎಂದರು.

ಇನ್ನು ಕೋಣೆಯ ವಿಷಯ. ಮೊದಲು ಟ್ರಂಕುಗಳನ್ನೂ ಪೇಪರಿನ ಕಟ್ಟುಗಳನ್ನೂ ಹೊರಹಾಕಿದೆವು. ಕೋಣೆಯ ಸಿಂಗಾರದಲ್ಲಿ ಅರ್ಧ ಅಲ್ಲಿಗೇ ಮುಗಿಯಿತೆನ್ನಬಹುದು. ಅದಕ್ಕೆ ಕಾಸಿನ ಖರ್ಚಿಲ್ಲ. ಗೋಡೆಗೆ ಸುಣ್ಣವನ್ನೇ ಬಳಿದೆವು. ಬಣ್ಣದ ಡಬ್ಬಿಯನ್ನು ಕೊಳ್ಳುವವರು ಅದರ ಮೇಲಿನ ಬರೆಹವನ್ನು ಓದಿ ಕೊಳ್ಳಬೇಕು. ಸೀಸವು ಎಳೆಯ ಮಕ್ಕಳ ಮಿದುಳಿಗೆ ವಿಷ. ಮನೆಯ ಬಣ್ಣಗಳಲ್ಲಿ ಅದು ಹತ್ತು ಲಕ್ಷದಲ್ಲಿ 90 ಪಾಲನ್ನು ಮೀರಕೂಡದೆಂದು ನಮ್ಮ ದೇಶದಲ್ಲಿ 2016ರ ನಿಯಮವಿದೆ. ಹಳೆಯ ಬಾಗಿಲು ಕಿಟಕಿಗಳ ಸಿಪ್ಪೆಯೇಳುವ ಬಣ್ಣದ ವಿಷಯದಲ್ಲಂತೂ ಎಚ್ಚರಿಕೆ ಅವಶ್ಯ. ಸುಣ್ಣವೂ ಹಸಿಯಾಗಿರುವಾಗ ಕಣ್ಣಿಗೂ ಚರ್ಮಕ್ಕೂ ಸುಡುವಂತಹುದಾದುದರಿಂದ, ಬಳಿಯುವಾಗ ಮಗಳನ್ನು ದೂರವಿರಿಸಿ, ಚೆನ್ನಾಗಿ ಒಣಗಿದ ಮೇಲೆಯೇ ಒಳಗೆ ಬಿಟ್ಟೆವು.

ಗೋಡೆಯ ಕೆಳಭಾಗದಲ್ಲಿ ಒಂದೂವರೆ ಗೇಣು ಎತ್ತರಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆದೆವು. ಸಾಗರ ಸೊರಬಗಳ ಕಡೆ ದೀವರ ಹೆಣ್ಣುಮಕ್ಕಳು ಹೀಗೆಯೇ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಲ್ಲಿ, ನಾರಿನ ಕುಂಚದಿಂದ, ಹಸೆ ಚಿತ್ತಾರವನ್ನು ಬರೆಯುತ್ತಾರೆ. ಅವರ ಕೈಯ ಗೆರೆ ನಮಗೆಲ್ಲಿ ಬರಬೇಕು? ಆದರೂ ನಮ್ಮ ತಾಯಿಯವರು ಚುಕ್ಕಿಯಿಟ್ಟು ನಾಲ್ಕು ಎಳೆಯ ಸರಳವಾದ ರಂಗವಲ್ಲಿಯನ್ನು ಹಾಕಿಕೊಟ್ಟರು. ನಡುನಡುವೆ ಬಿಟ್ಟ ಜಾಗದಲ್ಲಿ ಮಗಳು ತಾನು ಕಂಡುದನ್ನು ಬರೆದಳು: ರೈಲು, ಬಂಡೆ, ತೆಂಗಿನ ಮರ, ಲೇತಿನ ಮುಂದೆ ಕುಳಿತ ತಾತ. ರೈಲಿಗಿಂತ ತಾತ ದೊಡ್ಡವರಾದರು. ತಿದ್ದಲು ನಾವು ಹೋಗಲಿಲ್ಲ. ಹುಟ್ಟಿದ ಕೂಸಿಗೆ ಮೊದಮೊದಲು ಎಂಟು ಹತ್ತು ಅಂಗುಲಗಳಾಚೆಗೆ ಸ್ಪಷ್ಟವಾಗಿ ಕಾಣದೆಂದೂ, ತಿಳಿ ಬಣ್ಣಗಳಿಗಿಂತ ಕಪ್ಪು ಬಿಳುಪಿನಂತೆ ಎದ್ದು ಕಾಣುವ ಗೆರೆಗಳೇ ಅದರ ಕಣ್ಣನ್ನು ಹಿಡಿಯುತ್ತವೆಂದೂ ವೈದ್ಯರು ಹೇಳುತ್ತಾರೆ. ಕೆಂಪಿನ ಮೇಲಣ ಬಿಳಿಯ ಚಿತ್ತಾರವನ್ನು ಕಂಡುಹಿಡಿದ ತಾಯಂದಿರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ವೈಶಾಖದಲ್ಲಿ ಕೂಸು ಹುಟ್ಟಿತು, ಗಂಡು. ತಾಯಿ ಮಗು ಕ್ಷೇಮವೆಂದು ತಿಳಿದ ಮೇಲೆ ನಮ್ಮ ತಾಯಿಯವರೇ ಅಟ್ಟದ ಏಣಿಯನ್ನು ಹಾಕಿಸಿದರು. ಅದು ಕಲಘಟಗಿಯ ತೊಟ್ಟಿಲುಗಳಂತೆ ಬಣ್ಣದ ಚಿತ್ರಗಳಿಂದ ಕೂಡಿದುದಲ್ಲ. ನಾವು ಮಲಗಿದ್ದ, ಆಮೇಲೆ ನಮ್ಮ ಮಗಳು ಮಲಗಿದ್ದ ಸಾದಾ ತೊಟ್ಟಿಲು. ಹೊಸ ಹಗ್ಗವನ್ನೂ ಕಬ್ಬಿಣದ ಕೊಂಡಿಗಳನ್ನೂ ಹಾಕಿಸಿ, ಇಪ್ಪತ್ತೈದು ಕಿಲೋ ಅಕ್ಕಿಯ ಮೂಟೆಯನ್ನಿಟ್ಟು ಒಂದು ದಿನವೆಲ್ಲ ತೂಗಿಸಿ ನೋಡಿದೆವು. ಹನ್ನೆರಡನೆಯ ದಿನ ಮುತ್ತೈದೆಯರು ಸಂಪ್ರದಾಯದಂತೆ ಮೊದಲು ಗುಂಡುಕಲ್ಲನ್ನು ಮಲಗಿಸಿ, ಆಮೇಲೆ ಕೂಸನ್ನು ಹಾಕಿದರು.

ಇಲ್ಲಿ ಗೃಹಿಣಿಯರಿಗೆ ಎರಡು ಮಾತು. ಸಿಂಗಾರವು ಗೋಡೆಗೆ, ಬಾಗಿಲಿಗೆ, ನಮ್ಮ ಕಣ್ಣಿಗೆ. ತೊಟ್ಟಿಲಿನೊಳಗೆ ಅದಕ್ಕೆ ಸ್ಥಳವಿಲ್ಲ. ಎಳೆಯ ಕೂಸನ್ನು ಅಂಗಾತವಾಗಿ, ಸಮನಾದ ಗಟ್ಟಿ ಹಾಸಿನ ಮೇಲೆ ಮಲಗಿಸಬೇಕು. ದಿಂಬು, ಗೊಂಬೆ, ದಪ್ಪ ಹೊದಿಕೆಗಳು ಉಸಿರಿಗೆ ಅಡ್ಡಿಯಾಗಬಹುದು. ನಮ್ಮ ಮನೆಯ ಕೌದಿಯನ್ನು ಕೂಸು ಎಚ್ಚರವಾಗಿರುವಾಗ ನೆಲದ ಮೇಲೆ ಹಾಸುತ್ತೇವೆ. ಅದರ ಮೇಲೆ ಅದು ಕೈಕಾಲು ಆಡಿಸುತ್ತದೆ. ಮಣಿಯ ತೋರಣವನ್ನು ಮಕ್ಕಳ ಕೈಗೆ ಎಟುಕದಷ್ಟು ಎತ್ತರದಲ್ಲಿ ಕಟ್ಟಬೇಕು. ಬಾಯೊಳಗೆ ಹಿಡಿಸುವಷ್ಟು ಸಣ್ಣ ತುಂಡುಗಳನ್ನು ಮೂರು ವರ್ಷ ತುಂಬುವವರೆಗೆ ಕೊಡಲೇಬಾರದು. ಬುಗುರಿಯೂ ಆ ಲೆಕ್ಕದ್ದೇ. ಅದಕ್ಕಾಗಿ ಚಿಕ್ಕವನು ಕಾಯಬೇಕು.

ಖರ್ಚಿನ ಲೆಕ್ಕವನ್ನು ಕೇಳುವವರಿಗಾಗಿ ಹೇಳುತ್ತೇವೆ. ಸುಣ್ಣ, ಕೆಮ್ಮಣ್ಣು, ಬ್ರಷ್ಷುಗಳಿಗೆ 640 ರೂಪಾಯಿ. ಗಿಲಕಿಗಳಿಗೆ 240, ಬಳೆಗಳ ಗೋಪುರಕ್ಕೆ 380, ಆನೆಗೆ 320, ತೋರಣಕ್ಕೆ 260. ತೊಟ್ಟಿಲಿನ ಹಗ್ಗ ಮತ್ತು ಕೊಂಡಿಗಳಿಗೆ 350. ಕೌದಿಯ ದಾರ ಸೂಜಿಗಳಿಗೆ 90. ಮೂವರ ಪ್ರಯಾಣ ಮತ್ತು ಊಟಕ್ಕೆ 520. ಒಟ್ಟು 2,800. ಮಗಳ ಇನ್ನೂರರಲ್ಲಿ ಬುಗುರಿಗಳಿಗೆ 120 ಹೋಗಿ, ಉಳಿದ 80 ಅವಳ ಹುಂಡಿ ಸೇರಿತು. ಆಟಿಕೆಗಳ ಉಪಯೋಗ ಮಕ್ಕಳು ಬೆಳೆಯುವುದರೊಂದಿಗೆ ಮುಗಿಯುವುದೂ ಇಲ್ಲ. ನವರಾತ್ರಿಯಲ್ಲಿ ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಿನಲ್ಲಿ ಅವಕ್ಕೂ ಒಂದು ಸ್ಥಾನವುಂಟು.

ಈಗ ಕೂಸಿಗೆ ಮೂರು ತಿಂಗಳು. ಬಂದ ನೆಂಟರಿಗೆ ಕೋಣೆಯನ್ನು ತೋರಿಸುವ ಅಧಿಕಾರ ಹಿರಿಯವಳದು. ಅರಗು ಹೇಗೆ ಕರಗುತ್ತದೆ, ಗರಿ ಹೇಗೆ ಓಡುತ್ತದೆ, ಯಾವ ತಾತ ಗಿಲಕಿಯನ್ನು ಕಡೆದುಕೊಟ್ಟರು ಎಂಬುದನ್ನೆಲ್ಲ ಅವಳು ವಿವರಿಸುತ್ತಾಳೆ. ತೊಟ್ಟಿಲನ್ನು ವಾಪಸ್ಸು ಕೇಳುವುದನ್ನು ಬಿಟ್ಟಿದ್ದಾಳೆ. ಅದನ್ನು ತೂಗುವ ಹಗ್ಗ ಅವಳ ಕೈಯಲ್ಲಿದೆ. ಮೈಸೂರಿಗೆ ಹೋಗುವ ಓದುಗರು ಮುಂದಿನ ಸಲ ಹೊಸ ಹೆದ್ದಾರಿಯ ವೇಗದಿಂದ ಒಂದು ಗಂಟೆಯನ್ನು ಕಡವಾಗಿ ತೆಗೆದುಕೊಂಡು ಹಳೆಯ ದಾರಿಯಲ್ಲಿ ಇಳಿದು ಹೋಗಲಿ. ಸಂಗಡ ಮಕ್ಕಳಿದ್ದರೆ ಹಠ ಮಾಡಲು ಬಿಡಲಿ.